ನಿಲ್ಲಿಸಿದ ಕ್ಯಾಂಪಿಂಗ್ ಟ್ರೇಲರ್ ಅಲುಗಾಡದಂತೆ ಕೂರಿಸುವುದು ಹೇಗೆ? ಮುರಕಲ್ಲಿನ ಅಂಗಳ, ಹೊಯ್ಗೆ, ಮಳೆಗಾಲ

ಕಾಪು ಪಡುಬದಿ:

ಒಂದೇ ಆಕ್ಸಲ್ ಇರುವ ಕ್ಯಾಂಪಿಂಗ್ ಟ್ರೇಲರ್. ನೀರು, ಸಾಮಾನು ಎಲ್ಲ ಸೇರಿ 850 ಕೆ.ಜಿ. ಆಸುಪಾಸು. ಪೆಟ್ಟಿಗೆಯ ಉದ್ದ 12 ಅಡಿ, ಎತ್ತರ 7 ಅಡಿ. ಚಕ್ರದಿಂದ ಚಕ್ರಕ್ಕೆ 1.6 ಮೀಟರ್. ಲೀಫ್ ಸ್ಪ್ರಿಂಗ್, 14 ಇಂಚಿನ ಟಯರು, ಹ್ಯಾಂಡ್‌ಬ್ರೇಕ್ ಇಲ್ಲ. ನಾಲ್ಕು ಮೂಲೆಗೂ ಸ್ಕ್ರೂ ತಿರುಗಿಸಿ ಎತ್ತುವ ಸಿಸರ್ ಜಾಕ್ ಉಂಟು, ಮೂತಿಗೆ (ಕಾರಿಗೆ ಸಿಕ್ಕಿಸುವ ತುದಿ) ಎತ್ತರ ಹೊಂದಿಸುವ ಸಣ್ಣ ಚಕ್ರ, ಅಂದರೆ ಜಾಕಿ ವೀಲ್.

ನಿಲ್ಲಿಸುವ ಜಾಗ ಎರಡು. ಹೆಚ್ಚು ದಿನ ಮನೆಯ ಅಂಗಳದಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ) ಪುಡಿ ಹಾಕಿ ದಮ್ಮಸು ಮಾಡಿದ ನೆಲ. ಮಳೆ ಬಿಟ್ಟ ಮೇಲೆ ಆಗಾಗ ಪಡುಕೆರೆ ಕಡೆ ಪರಿಚಯದವರ ತೆಂಗಿನ ತೋಟಕ್ಕೆ; ಅಲ್ಲಿ ಪೂರಾ ಹೊಯ್ಗೆ, ಅಂದರೆ ಮರಳು.

ತೊಂದರೆ ಹೀಗೆ: ನಾಲ್ಕೂ ಜಾಕ್ ಇಳಿಸಿದ ಮೇಲೂ ಒಳಗೆ ಒಬ್ಬರು ನಡೆದರೆ ಮಂಚದಲ್ಲಿ ಮಲಗಿದವರಿಗೆ ಎಚ್ಚರ ಆಗುವಷ್ಟು ಅಲುಗಾಟ. ಜೋರು ಮಳೆ ಬಂದ ಮಾರನೆ ದಿನ ಹಿಂದಿನ ಒಂದು ಮೂಲೆ ಕೂತು ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಹೊಯ್ಗೆಯಲ್ಲಿ ಜಾಕಿನ ಪಾದ ಒಂದೇ ರಾತ್ರಿಗೆ ಎರಡಿಂಚು ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದೇ ಕಡೆ ನಿಂತಿರುವಾಗ ಏನು ಮಾಡಬೇಕು, ಅದನ್ನೂ ತಿಳಿದವರು ಹೇಳಿ.

ಘಾಟಿ ಕೆಳಗಿನವ:

ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ? ನಾಲ್ಕು ಜಾಕನ್ನೂ ಸರಿಯಾಗಿ ಟೈಟ್ ಮಾಡಿ ಚಕ್ರ ನೆಲ ಬಿಡುವವರೆಗೆ ಎತ್ತಿ. ಟಯರು, ಸ್ಪ್ರಿಂಗು ಎರಡರ ಆಟವೂ ಅಲ್ಲಿಗೆ ಮುಗೀತು.

ಬೈಕಂಪಾಡಿ ಫ್ಯಾಬ್:

ದಯವಿಟ್ಟು ಹಾಗೆ ಮಾಡಬೇಡಿ. ಮೂಲೆಯ ಜಾಕ್ ಇರುವುದು ಗಾಡಿಯನ್ನು ಹಿಡಿದು ನಿಲ್ಲಿಸಲಿಕ್ಕೆ, ಹೊರಲಿಕ್ಕೆ ಅಲ್ಲ. ಸಣ್ಣ ಟ್ರೇಲರಿನ ಚಾಸಿಸ್ ಭಾರ ಹೊರುವುದು ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗಿನ ತುದಿ ಚಾಸಿಸಿಗೆ ಸೇರುವ ಬ್ರಾಕೆಟ್) ಇರುವ ಜಾಗದಲ್ಲಿ. ನಾಲ್ಕು ತುದಿಯಲ್ಲಿ ಎತ್ತಿದ್ರೆ ಮಧ್ಯ ಜೋಲ್ತದೆ, ಆಕ್ಸಲ್ಲು ಚಕ್ರದ ತೂಕವೂ ಅಲ್ಲೇ ನೇತಾಡ್ತದೆ. ಮೊದಲು ಗೊತ್ತಾಗುವುದು ಬಾಗಿಲಿನಲ್ಲಿ: ಚಿಲಕ ಸರಿ ಕೂರುವುದಿಲ್ಲ. ಆಮೇಲೆ ಮಾಡಿನ (ಛಾವಣಿಯ) ಮೂಲೆಯ ಸೀಲಂಟ್ ಬಿರುಕು ಬಿಟ್ಟು ಮಳೆನೀರು ಒಳಗೆ. ಅದೂ ಅಲ್ಲದೆ ನಾಲ್ಕರಲ್ಲಿ ಒಂದು ಜಾಕಿನ ಅಡಿ ನೆಲ ಕುಸಿದ್ರೆ ಗಾಡಿಯೇ ಓರೆಯಾಗಿ ಉಳಿದ ಜಾಕುಗಳು ಮಡಚಿಕೊಳ್ತವೆ. ಚಕ್ರ ಎತ್ತಲೇಬೇಕಾದ್ರೆ ಬೇರೆ ದಾರಿ ಉಂಟು, ಕೆಳಗೆ ಯಾರಾದ್ರೂ ಬರೀತಾರೆ.

ಈಗ ಅಲುಗಾಟದ ವಿಷಯ. ಅಲುಗಾಟ ಒಂದಲ್ಲ, ಮೂರು ನಮೂನೆ: ಮೇಲೆ-ಕೆಳಗೆ ಕುಲುಕುವುದು, ಎಡ-ಬಲ ತೂಗುವುದು, ಹಿಂದೆ-ಮುಂದೆ ಜಗ್ಗುವುದು. ಮೂರಕ್ಕೂ ಮದ್ದು ಬೇರೆ ಬೇರೆ. ಜಾಕ್ ಬಿಗಿ ಮಾಡಿದ್ರೆ ಮೊದಲನೆಯದು ಕಡಿಮೆ ಆಗ್ತದೆ, ಅಷ್ಟೇ. ಉಳಿದೆರಡು ಹಾಗೇ ಇರ್ತವೆ, ಯಾಕಂದ್ರೆ ಸಿಸರ್ ಜಾಕಿನ ಪಿನ್ನುಗಳಲ್ಲಿ, ಸ್ಕ್ರೂವಿನಲ್ಲಿ ಎಲ್ಲ ಕಡೆ ಸ್ವಲ್ಪ ಲೂಸು ಇದ್ದೇ ಇರ್ತದೆ. ಮೇಲಿನ ಭಾರ ಅದನ್ನು ಒತ್ತಿ ಹಿಡಿಯುವುದು ನೇರ ಕೆಳಕ್ಕೆ ಮಾತ್ರ. ಅಡ್ಡಕ್ಕೆ ತಳ್ಳಿದ್ರೆ ತಡೆಯುವವರು ಯಾರೂ ಇಲ್ಲ.

ನಿಮ್ಮದು ಯಾವ ನಮೂನೆ ಅಂತ ತಿಳಿಯಲು ಒಂದು ಪೆನ್ಸಿಲು, ಒಂದು ರಟ್ಟು ಸಾಕು. ಹಿಂದಿನ ಬಂಪರಿಗೆ ಪೆನ್ಸಿಲನ್ನು ಮೊನೆ ಹೊರಗೆ ಬರುವಂತೆ ಟೇಪು ಸುತ್ತಿ ಬಿಗಿಯಿರಿ. ಅದರ ಎದುರು ನೆಲಕ್ಕೆ ಗೂಟ ಹೊಡೆದು, ರಟ್ಟನ್ನು ಮೊನೆಗೆ ಮೆಲ್ಲಗೆ ತಾಗುವಂತೆ ನಿಲ್ಲಿಸಿ. ಒಬ್ಬರು ಒಳಗೆ ಬಾಗಿಲಿನಿಂದ ಮಂಚದವರೆಗೆ ನಾಲ್ಕು ಸಲ ಓಡಾಡಲಿ. ಗೆರೆ ನಿಂತಿದ್ದರೆ ಕುಲುಕಾಟ, ಮಲಗಿದ್ದರೆ ಎಡ-ಬಲದ ತೂಗಾಟ. ಆಮೇಲೆ ಅದನ್ನೇ ಪಕ್ಕದ ಗೋಡೆಯಲ್ಲಿ ಮಾಡಿ; ಅಲ್ಲಿ ಗೆರೆ ಮಲಗಿದ್ದರೆ ಹಿಂದೆ-ಮುಂದೆ ಜಗ್ಗಾಟ. ಗೆರೆ ಎಷ್ಟು ಉದ್ದ ಅಂತ ಅಳತೆ ಬರೆದಿಡಿ. ಪ್ರತಿ ಬದಲಾವಣೆ ಆದ ಮೇಲೆ ಹೊಸ ರಟ್ಟು ಹಾಕಿದ್ರೆ ಯಾವುದರಿಂದ ಗುಣ ಆಯಿತು ಅಂತ ಕಣ್ಣಿಗೇ ಕಾಣ್ತದೆ.

ಇನ್ನು ಕೂರಿಸುವ ಕ್ರಮ. ಕಾರಿಗೆ ಸಿಕ್ಕಿಸಿಕೊಂಡೇ ಇರುವಾಗ ಎಡ-ಬಲದ ಮಟ್ಟ ನೋಡಿ. 1.6 ಮೀಟರಿಗೆ ಒಂದು ಡಿಗ್ರಿ ಓರೆ ಅಂದ್ರೆ 28 ಎಂ.ಎಂ. ಹೆಚ್ಚುಕಮ್ಮಿ. ಒಂದಿಂಚು ದಪ್ಪದ ಹಲಗೆಯನ್ನು ತಗ್ಗಿನ ಚಕ್ರದ ಮುಂದೆ ಇಟ್ಟು ಹತ್ತಿಸಿ, ಆ ಓರೆಯನ್ನು ಜಾಕಿನಲ್ಲಿ ಸರಿ ಮಾಡಲು ಹೋಗಬೇಡಿ. ಮಟ್ಟ ಆದ ಮೇಲೆ ಎರಡೂ ಚಕ್ರಕ್ಕೆ ಹಿಂದೆ-ಮುಂದೆ ವೀಲ್ ಚಾಕ್ (ಚಕ್ರ ಉರುಳದಂತೆ ಅಡ್ಡ ಇಡುವ ತುಂಡು) ಇಡಿ, ಆಮೇಲೆಯೇ ಕಪ್ಲಿಂಗ್ ಬಿಡಿಸಿ. ಹ್ಯಾಂಡ್‌ಬ್ರೇಕ್ ಇಲ್ಲದ ಗಾಡಿಯಲ್ಲಿ ಈ ಎರಡು ಅದಲುಬದಲಾದ್ರೆ ಟ್ರೇಲರು ತಗ್ಗಿನ ಕಡೆಗೆ ಹೊರಟೇ ಹೋಗ್ತದೆ.

ಮುಂದಿನದು ಹೆಚ್ಚಿನವರು ಬಿಡುವ ಕೆಲಸ. ಜಾಕಿ ವೀಲಿನಿಂದ ಮೂತಿಯನ್ನು ಮಟ್ಟಕ್ಕಿಂತ ಒಂದೂವರೆ-ಎರಡು ಸೆಂ.ಮೀ. ಕೆಳಗೆ ಇಳಿಸಿ. ಹಿಂಬದಿ ಅಷ್ಟೇ ಸ್ವಲ್ಪ ಮೇಲೇಳ್ತದೆ. ಈಗ ಹಿಂದಿನ ಎರಡು ಜಾಕನ್ನು ಅಡಿಗೆ ಇಟ್ಟ ಹಲಗೆಗೆ ತಾಗಿಸಿ, ಕೈಯಲ್ಲಿ ಬಿಗಿ ಆಗುವಷ್ಟು ಮಾತ್ರ. ಆಮೇಲೆ ಮೂತಿಯನ್ನು ಎತ್ತಿ ಮಟ್ಟಕ್ಕೆ ತನ್ನಿ. ಟ್ರೇಲರ್ ಆಕ್ಸಲಿನ ಮೇಲೆ ತಿರುಗಿ ಹಿಂದಿನ ಜಾಕುಗಳ ಮೇಲೆ ತಾನೇ ಒತ್ತಿ ಕೂರ್ತದೆ, ಎರಡಕ್ಕೂ ಸಮ ಭಾರ. ಕೊನೆಗೆ ಮುಂದಿನ ಎರಡು ಜಾಕ್, ಒಂದಕ್ಕೆ ಅರ್ಧ ಸುತ್ತು ಕೊಟ್ಟ ಮೇಲೆ ಇನ್ನೊಂದಕ್ಕೆ ಅರ್ಧ ಸುತ್ತು, ಹಾಗೆ. ಒಂದನ್ನೇ ಪೂರ್ತಿ ಬಿಗಿದ್ರೆ ಚಾಸಿಸ್ ತಿರುಚಿಕೊಳ್ತದೆ.

ಎಷ್ಟು ಬಿಗಿ ಅಂತ ಕೇಳಿದ್ರೆ ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯನ್ನು ಟೇಪಿನಲ್ಲಿ ಅಳೆಯಿರಿ, ಜಾಕ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ. 4-5 ಎಂ.ಎಂ. ಹೆಚ್ಚಾದರೆ ಸರಿ. 10 ಎಂ.ಎಂ. ದಾಟಿದ್ರೆ ನೀವು ಗಾಡಿ ಎತ್ತುತ್ತಾ ಇದ್ದೀರಿ, ಹಿಂದಕ್ಕೆ ತಿರುಗಿಸಿ. ನೀರಿನ ಟ್ಯಾಂಕ್ ತುಂಬಿಸುವುದಿದ್ರೆ ಜಾಕ್ ಹಾಕುವ ಮೊದಲೇ ತುಂಬಿಸಿ. 60 ಲೀಟರ್ ಅಂದ್ರೆ 60 ಕೆ.ಜಿ., ಆಮೇಲೆ ತುಂಬಿಸಿದ್ರೆ ಆ ಮೂಲೆ ಕೂರ್ತದೆ. ಮರುದಿನ ಬೆಳಿಗ್ಗೆ ಒಂದು ಸಲ ನಾಲ್ಕನ್ನೂ ನೋಡಿ, ಹಲಗೆ ನೆಲಕ್ಕೆ ಕಚ್ಚಿಕೊಂಡು ಒಂದೆರಡು ಲೂಸ್ ಆಗಿಯೇ ಇರ್ತವೆ.

ಒಂದು ಎಚ್ಚರಿಕೆ: ಕಾರು ಬಿಡಿಸಿದ ಒಂಟಿ ಆಕ್ಸಲ್ ಗಾಡಿಯಲ್ಲಿ ಹಿಂದಿನ ಜಾಕ್ ಹಾಕದೆ ಯಾರೂ ಒಳಗೆ ಹತ್ತಬಾರದು. ಮೂತಿಯ ಮೇಲಿರುವ ಭಾರ ಹೆಚ್ಚೆಂದ್ರೆ 80-85 ಕೆ.ಜಿ. ಇಬ್ಬರು ಹಿಂದಿನ ಮಂಚದಲ್ಲಿ ಕೂತರೆ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಬೀಳ್ತದೆ.

ಕುಲುಕಾಟಕ್ಕೆ ಇಷ್ಟು ಸಾಕು. ಹಿಂದೆ-ಮುಂದೆ ಜಗ್ಗಾಟಕ್ಕೆ ಕಾರಣ ಚಾಕಿಗೂ ಟಯರಿಗೂ ನಡುವೆ ಉಳಿಯುವ ಬೆರಳಗಲದ ಜಾಗ. ಎರಡು ಆಕ್ಸಲಿನ ಗಾಡಿಗೆ ಟಯರುಗಳ ಮಧ್ಯೆ ಅಗಲಿಸುವ ಎಕ್ಸ್ ಚಾಕ್ ಬರ್ತದೆ, ನಿಮ್ಮದಕ್ಕೆ ಅದು ಆಗುವುದಿಲ್ಲ. ಹಿಂದಿನ ಚಾಕ್, ಮುಂದಿನ ಚಾಕ್ ಎರಡಕ್ಕೂ ತೂತು ಮಾಡಿ 12 ಎಂ.ಎಂ. ತ್ರೆಡ್ ರಾಡ್ ಹಾಕಿ, ಎರಡು ಬದಿಯಿಂದ ನಟ್ಟು ತಿರುಗಿಸಿ ಟಯರನ್ನು ಹಿಚುಕುವಂತೆ ಬಿಗಿಯಿರಿ. ಮರದ ಚಾಕಾದ್ರೆ ಅಡಿಗೆ ಹಳೆ ಟಯರಿನ ರಬ್ಬರ್ ಹೊಡೆಯಿರಿ, ಒದ್ದೆ ಮುರಕಲ್ಲಿನಲ್ಲಿ ಬರೀ ಮರ ಜಾರ್ತದೆ.

ಎಡ-ಬಲ ತೂಗಾಟಕ್ಕೆ ಓರೆ ಸಪೋರ್ಟ್ ಬೇಕು. ಎಡ ಜಾಕಿನ ಪಾದದಿಂದ ಬಲ ಬದಿಯ ಚಾಸಿಸಿಗೆ, ಬಲ ಪಾದದಿಂದ ಎಡಕ್ಕೆ. ಒಂದಿಂಚಿನ ಚೌಕ ಪೈಪು, 2 ಎಂ.ಎಂ. ದಪ್ಪದ್ದು, ಅದರ ಒಳಗೆ ಜಾರುವ ಮುಕ್ಕಾಲಿಂಚಿನ ಪೈಪು, ಉದ್ದ ಹೊಂದಿಸಿ ಹಿಡಿಯಲು ಎಂ10 ಬೋಲ್ಟು. ನೆಲಕ್ಕೆ ಅದರ ಕೋನ 45 ಡಿಗ್ರಿ ಮೀರಬಾರದು. ನೆಟ್ಟಗೆ ನಿಂತಷ್ಟು ಅಡ್ಡಕ್ಕೆ ಹಿಡಿಯುವ ಶಕ್ತಿ ಕಡಿಮೆ. ಸಾಮಾನ್ಯವಾಗಿ ಹಿಂದೆ ಮಾತ್ರ ಒಂದು ಜೋಡಿ ಹಾಕಿದ್ರೂ ಪೆನ್ಸಿಲ್ ಗೆರೆ ಎದ್ದು ಕಾಣುವಷ್ಟು ಸಣ್ಣದಾಗ್ತದೆ.

ಜಾಕ್ ಪೂರ್ತಿ ಚಾಚಿಕೊಂಡಷ್ಟು ಹೆಚ್ಚು ಓಲಾಡ್ತದೆ, ಪೂರ್ತಿ ಮಡಚಿದ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಲು ಜೀವ ಹೋಗ್ತದೆ. ಅಡಿಗೆ ಹಲಗೆ ಪೇರಿಸಿ ಜಾಕ್ ಅರ್ಧ ಎತ್ತರದಲ್ಲಿ ಕೆಲಸ ಮಾಡುವ ಹಾಗೆ ನೋಡಿಕೊಳ್ಳಿ.

ಸುರತ್ಕಲ್ ಸಿವಿಲ್:

ಮೇಲಿನ ಕ್ರಮ ಸರಿಯಾಗಿದೆ. ನೆಲದ ಬಗ್ಗೆ ನಾನು ಸೇರಿಸುತ್ತೇನೆ.

ಲೆಕ್ಕ ಸರಳ. ಒಂದು ಜಾಕಿನ ಮೇಲೆ 80 ಕೆ.ಜಿ. ಬಿದ್ದರೆ, ಪಾದ 10 × 8 ಸೆಂ.ಮೀ. ಆದರೆ, ಪ್ರತಿ ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡ. ಒಣಗಿದ ಅಂಗಳ ಇದನ್ನು ತಡೆಯುತ್ತದೆ. ನೆಂದದ್ದು, ಸಡಿಲ ಹೊಯ್ಗೆ ತಡೆಯುವುದಿಲ್ಲ. ಅದೇ ಪಾದದಡಿ 30 × 30 ಸೆಂ.ಮೀ. ಹಲಗೆ ಇಟ್ಟರೆ ಒತ್ತಡ 0.09ಕ್ಕೆ ಇಳಿಯುತ್ತದೆ, ಹನ್ನೊಂದನೇ ಒಂದು ಪಾಲು. ಆದರೆ ಹಲಗೆ ಬಾಗಬಾರದು. ಅರ್ಧ ಇಂಚಿನ ಪ್ಲೈವುಡ್ ಮಧ್ಯದಲ್ಲಿ ತಗ್ಗಾಗಿ ಅಂಚು ಮೇಲೇಳುತ್ತದೆ, ಆಗ ಅಗಲ ಇದ್ದೂ ಇಲ್ಲದಂತೆ. 19 ಎಂ.ಎಂ. ಮರೈನ್ ಪ್ಲೈ ಎರಡು ಪದರ, ನಾರು ಅಡ್ಡಡ್ಡ ಬರುವಂತೆ ಸ್ಕ್ರೂ ಹೊಡೆದು ಮಾಡಿಕೊಳ್ಳಿ. ಮರದ ಮಿಲ್ಲಿನಲ್ಲಿ ಕಿರಾಲುಬೋಗಿಯ (ಗಟ್ಟಿ ಜಾತಿಯ ಮರ) ಎರಡಿಂಚಿನ ತುಂಡು ಸಿಕ್ಕಿದರೆ ಇನ್ನೂ ಒಳ್ಳೆಯದು.

ಜಾಕಿನ ಅಡಿಗೆ ಮುರಕಲ್ಲು ಇಡುವ ಅಭ್ಯಾಸ ನಮ್ಮ ಕಡೆ ಬಹಳ. ಕಲ್ಲು ಗೋಡೆಯಲ್ಲಿ ಸಮವಾಗಿ ಭಾರ ಹೊರುತ್ತದೆ, ಆದರೆ ಸಣ್ಣ ಪಾದ ಒಂದೇ ಕಡೆ ಒತ್ತಿದರೆ ಪುಡಿಯಾಗಿ ಉದುರುತ್ತದೆ, ನೆನೆದ ಕಲ್ಲು ಇನ್ನೂ ಬೇಗ. ಹಾಲೋ ಬ್ಲಾಕ್ ಅದಕ್ಕಿಂತ ಅಪಾಯ: ಎಚ್ಚರಿಕೆಯೇ ಕೊಡದೆ ಒಮ್ಮೆಲೆ ಒಡೆಯುತ್ತದೆ. ಎರಡೂ ಬೇಡ.

ಮಳೆ ಬಂದ ಮಾರನೆ ದಿನ ಒಂದೇ ಮೂಲೆ ಕೂರುತ್ತದೆ ಎಂದಿರಿ. ಎರಡು ಅನುಮಾನ. ಒಂದು, ಆ ಮೂಲೆ ಮನೆಯ ಮಾಡಿನ ನೀರು ಬೀಳುವ ಸಾಲಿನಲ್ಲಿದೆಯೇ ನೋಡಿ. ಹಂಚಿನ ತುದಿಯಿಂದ ಬೀಳುವ ನೀರು ಪುಡಿಯನ್ನು ಕೊಚ್ಚಿ ಹಲಗೆಯ ಅಡಿಯಲ್ಲಿ ಪೊಳ್ಳು ಮಾಡುತ್ತದೆ. ಎರಡು, ಅಂಗಳ ಮಾಡುವಾಗ ಗುಡ್ಡ ಕಡಿದ ಶೇಡಿ ಮಣ್ಣು ತುಂಬಿರಬಹುದು. ಮುರಕಲ್ಲಿನ ಪದರದ ಕೆಳಗೆ ಸಿಗುವ, ಬಿಳಿ-ಹಳದಿ-ನಸುಗೆಂಪು ಬಣ್ಣದ ಆ ಮಣ್ಣು ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಶಕ್ತಿ ಕಳೆದುಕೊಂಡು ಹರಿದುಹೋಗುತ್ತದೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅದರ ಮೇಲೆ ಹಲಗೆ ಇಟ್ಟು ನಂಬಬಾರದು. ಗುದ್ದಲಿಯಿಂದ ಒಂದಡಿ ಅಗೆದು ನೋಡಿ. ಶೇಡಿ ಕಂಡರೆ ಜಾಕ್ ಬರುವ ನಾಲ್ಕು ಕಡೆ 50 × 50 ಸೆಂ.ಮೀ. ಅಗಲಕ್ಕೆ ಒಂದಡಿ ಮಣ್ಣು ತೆಗೆದು, ಮುರಕಲ್ಲಿನ ಚೂರು ಮತ್ತು 20 ಎಂ.ಎಂ. ಜಲ್ಲಿ ಎರಡು ಪದರವಾಗಿ ತುಂಬಿ ದಮ್ಮಸು ಹೊಡೆದು, ಮೇಲೆ 10 ಸೆಂ.ಮೀ. ಕಾಂಕ್ರೀಟ್ ಹಾಕಿ, 1 ಪಾಲು ಸಿಮೆಂಟು, ಒಂದೂವರೆ ಮರಳು, 3 ಜಲ್ಲಿ. ಚಕ್ರದಡಿಗೂ ಹಾಗೆಯೇ, ಉದ್ದ ಮಾತ್ರ 90 ಸೆಂ.ಮೀ. ಇರಲಿ. ಏಳು ದಿನ ನೀರು ಉಣ್ಣಿಸಿದ ಮೇಲೆ ಗಾಡಿ ಹತ್ತಿಸಿ. ಈ ಕೆಲಸ ಏಪ್ರಿಲಿನಲ್ಲಿ ಮುಗಿಯಬೇಕು.

ನಾಲ್ಕು ತಿಂಗಳು ನಿಲ್ಲಿಸುವುದಾದರೆ ಆಕ್ಸಲ್ ಸ್ಟ್ಯಾಂಡ್ (ಗಾಡಿಯ ಭಾರ ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಬಳಸಿ. 2 ಟನ್ನಿನ ಎರಡು ಸಾಕು. ಬಾಟಲ್ ಜಾಕಿನಿಂದ ಒಂದೊಂದೇ ಬದಿ ಎತ್ತಿ, ಸ್ಟ್ಯಾಂಡನ್ನು ಆಕ್ಸಲಿನ ಅಡಿಗೆ, ಸ್ಪ್ರಿಂಗನ್ನು ಆಕ್ಸಲಿಗೆ ಹಿಡಿದಿಡುವ ಯೂ ಬೋಲ್ಟಿನ ಪಕ್ಕಕ್ಕೇ ಇಡಿ. ಆಕ್ಸಲಿನ ಮಧ್ಯದಲ್ಲಿ ಇಟ್ಟರೆ ಅದು ಬಾಗುತ್ತದೆ. ಟಯರು ನೆಲದಿಂದ ಒಂದು ಸೆಂ.ಮೀ. ಬಿಟ್ಟರೆ ಆಯಿತು. ಟಯರಿನ ಆಟ ಹೋಗುತ್ತದೆ, ಒಂದೇ ಕಡೆ ಭಾರ ಬಿದ್ದು ಟಯರು ಚಪ್ಪಟೆಯಾಗುವುದೂ ತಪ್ಪುತ್ತದೆ. ಸ್ಪ್ರಿಂಗಿನ ಆಟ ಉಳಿಯುತ್ತದೆ. ಅದೂ ಬೇಡವೆಂದರೆ ಸ್ಟ್ಯಾಂಡನ್ನು ಚಾಸಿಸಿನ ಮುಖ್ಯ ಚಾನಲ್ಲಿಗೆ, ಸ್ಪ್ರಿಂಗ್ ಹ್ಯಾಂಗರಿನ ಪಕ್ಕದಲ್ಲೇ ಕೊಡಿ; ಭಾರ ಹೊರಲೆಂದೇ ಮಾಡಿದ ಜಾಗ ಅದು. ಮಂಚದಲ್ಲಿ ಮಲಗುವವರಿಗೆ ಸಿಗುವ ನೆಮ್ಮದಿಯಲ್ಲಿ ಇದರಷ್ಟು ಫಲ ಕೊಡುವುದು ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ. ಮೂಲೆಯ ಜಾಕುಗಳನ್ನು ಇದಾದ ಮೇಲೆ ಹಾಕಿ.

ಮಳೆಗಾಲಕ್ಕೆ ಮಾತ್ರ ಗಾಡಿಯನ್ನು ಕರಾರುವಾಕ್ಕಾಗಿ ಮಟ್ಟ ಮಾಡಬೇಡಿ. 12 ಅಡಿಗೆ 5-6 ಸೆಂ.ಮೀ. ಹಿಂದಕ್ಕೆ ಇಳಿಜಾರು ಕೊಟ್ಟರೆ ಮಾಡಿನ ಮೇಲೆ ನೀರು ನಿಲ್ಲುವುದಿಲ್ಲ. ಮರದ ಹಲಗೆಯನ್ನು ನೇರ ಮಣ್ಣಿನ ಮೇಲೆ ನಾಲ್ಕು ತಿಂಗಳು ಬಿಟ್ಟರೆ ಗೆದ್ದಲು ಹಿಡಿಯುತ್ತದೆ, ಅಕ್ಟೋಬರಿನಲ್ಲಿ ಎತ್ತಿದಾಗ ಚಿಪ್ಪು ಮಾತ್ರ ಉಳಿದಿರುತ್ತದೆ.

ಹೊಯ್ಗೆದಂಡೆ:

ಪಡುಕೆರೆ ಹೊಯ್ಗೆಯ ವಿಷಯ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಪಟ್ಟಿ ಅದು, ಮೇಲಿನ ಒಣ ಪದರಕ್ಕೆ ಕಚ್ಚುವ ಗುಣವೇ ಇಲ್ಲ. ಜಾಕ್ ಬರುವ ಕಡೆ ಅರ್ಧ ಅಡಿ ಒಣ ಹೊಯ್ಗೆ ಬಾಚಿ ತೆಗೆಯಿರಿ. ಕೆಳಗೆ ತೇವದ ಪದರ ಸಿಗ್ತದೆ. ಸಿಗದಿದ್ರೆ ಎರಡು ಬಕೆಟ್ ನೀರು ಸುರಿದು ಕಾಲಲ್ಲಿ ತುಳಿಯಿರಿ. ಹಲಗೆ ಇಲ್ಲಿ 40 × 40 ಸೆಂ.ಮೀ. ಬೇಕು, ಇಟ್ಟ ಮೇಲೆ ಅದರ ಮೇಲೆ ಹತ್ತಿ ನಾಲ್ಕು ಸಲ ಕುಣಿದು ಕೂರಿಸಿ. ಜಾಕಿ ವೀಲಿನ ಅಡಿಗೂ ಒಂದು ಬೇಕು. ಆ ಸಣ್ಣ ಚಕ್ರ ಎಲ್ಲಕ್ಕಿಂತ ಮೊದಲು ಹೂತುಹೋಗ್ತದೆ.

ಹೊಯ್ಗೆಯಲ್ಲಿ ಎಳೆಯಲು ಟಯರಿನ ಗಾಳಿ ಇಳಿಸುವುದು ಸರಿ. ನಿಲ್ಲಿಸಿದ ಮೇಲೆ ಮತ್ತೆ ತುಂಬಿಸಬೇಕು, ಹೆಚ್ಚಿನವರು ಇದನ್ನು ಮರೀತಾರೆ. ಮೆತ್ತಗಿನ ಟಯರಿನ ಪಕ್ಕ ಉಬ್ಬಿಕೊಂಡು ಗಾಡಿ ತೊಟ್ಟಿಲಾಗ್ತದೆ.

ಗಾಳಿಗೆ ಮೂತಿ ಪಡುವಣಕ್ಕೆ ಇರಲಿ, ಮಧ್ಯಾಹ್ನದ ಕಡಲಗಾಳಿ ಅಗಲದ ಗೋಡೆಗೆ ಬಡಿಯಬಾರದು. ನಿಮ್ಮ ಗಾಡಿಯ ಪಕ್ಕದ ಗೋಡೆ ಸುಮಾರು 7.8 ಚದರ ಮೀಟರ್. ಗಂಟೆಗೆ 72 ಕಿ.ಮೀ. ಗಾಳಿಗೆ ಅದರ ಮೇಲೆ ಬೀಳುವ ನೂಕು ಹತ್ತಿರ ಹತ್ತಿರ 200 ಕೆ.ಜಿ. 850 ಕೆ.ಜಿ. ಗಾಡಿ ಅದಕ್ಕೆ ಮಗುಚುವುದಿಲ್ಲ, ಗಾಳಿ ಬರುವ ಬದಿಯ ಚಕ್ರ ಹಗುರ ಆಗ್ತದೆ, ಆ ಬದಿಯ ಜಾಕ್ ಸಡಿಲ ಆಗ್ತದೆ. ಗಾಳಿಯ ವೇಗ ಒಂದೂವರೆ ಪಟ್ಟಾದ್ರೆ ನೂಕು ಎರಡೂಕಾಲು ಪಟ್ಟು. 108 ಕಿ.ಮೀ.ಗೆ 450 ಕೆ.ಜಿ., ಅಲ್ಲಿಗೆ ಮಗುಚುವ ಅಂಚಿಗೆ ಬಂತು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹತ್ತಿರವೇ ಹಾದು ಹೋದದ್ದು ನೆನಪಿರಬಹುದು. ಅಂಥ ಮುನ್ಸೂಚನೆ ಇದ್ರೆ ಕಟ್ಟಿ ನಿಲ್ಲಿಸುವ ಯೋಚನೆಯೇ ಬೇಡ, ಎಳೆದುಕೊಂಡು ಒಳನಾಡಿಗೆ ಹೋಗಿ.

ಸಾಧಾರಣ ಗಾಳಿಗೆ ಆಂಕರ್ ಸಾಕು. ಹೊಯ್ಗೆಯಲ್ಲಿ ಡೇರೆಯ ಗೂಟ ಹೊಡೆದರೆ ಕೈಯಲ್ಲೇ ಕಿತ್ತು ಬರ್ತದೆ. ಖಾಲಿ ಸಿಮೆಂಟು ಚೀಲಕ್ಕೆ ಹೊಯ್ಗೆ ತುಂಬಿ, ಸೊಂಟಕ್ಕೆ 12 ಎಂ.ಎಂ. ನೈಲಾನ್ ಹಗ್ಗ ಕಟ್ಟಿ, ಎರಡಡಿ ಆಳದಲ್ಲಿ ಅಡ್ಡ ಮಲಗಿಸಿ ಮುಚ್ಚಿ ತುಳಿಯಿರಿ. ಹಗ್ಗ 45 ಡಿಗ್ರಿ ಓರೆಯಲ್ಲಿ ಚಾಸಿಸಿಗೆ ಬರಲಿ, ಮಧ್ಯೆ ರ‍್ಯಾಚೆಟ್ ಬೆಲ್ಟ್. ಆಂಕರ್ ನಾಲ್ಕಾಗಲಿ, ಮೂಲೆಗೆ ಒಂದು. ಕಟ್ಟುವುದು ಚಾಸಿಸಿಗೆ, ಜಾಕಿಗಲ್ಲ. ಬೆಲ್ಟನ್ನು ವಿಪರೀತ ಬಿಗಿದ್ರೆ ಜಾಕನ್ನೇ ಹೊಯ್ಗೆಗೆ ಒತ್ತಿದ ಹಾಗೆ, ಸಡಿಲು ತೆಗೆದರೆ ಸಾಕು.

ತೆಂಗಿನ ಮರದ ಬುಡ ಬಿಟ್ಟು ನಿಲ್ಲಿಸಿ, ಗಾಳಿ ಇರುವಾಗ ಕಾಯಿ ಇನ್ನೂ ದೂರಕ್ಕೆ ಬೀಳ್ತದೆ.

ಜಾಕಿನ ಸ್ಕ್ರೂಗೆ ಗ್ರೀಸ್ ಹಚ್ಚಬೇಡಿ. ಹೊಯ್ಗೆ ಅಂಟಿಕೊಂಡು ಉಪ್ಪುಕಾಗದದ ಹಾಗೆ ತ್ರೆಡ್ ತಿಂದುಹಾಕ್ತದೆ. ಗ್ರಾಫೈಟ್ ಅಥವಾ ಒಣ ಸಿಲಿಕೋನ್ ಸ್ಪ್ರೇ ಹಾಕಿ. ಮನೆಗೆ ಬಂದ ದಿನವೇ ಸಿಹಿನೀರಿನ ಪೈಪು ಹಿಡಿದು ಜಾಕು, ಸ್ಪ್ರಿಂಗು, ಯೂ ಬೋಲ್ಟು ತೊಳೆಯಿರಿ. ನಾಳೆ ಅಂದ್ರೆ ಕೆಂಪು ಪುಡಿ ಶುರು.

ಕಾಪು ಪಡುಬದಿ:

ರಟ್ಟಿನ ಪರೀಕ್ಷೆ ಮಾಡಿ ನೋಡಿದೆ. ಹಿಂದಿನ ರಟ್ಟಿನಲ್ಲಿ ಗೆರೆ ಅಡ್ಡಕ್ಕೆ 9 ಎಂ.ಎಂ., ಮೇಲೆ-ಕೆಳಗೆ 3. ಪಕ್ಕದ ರಟ್ಟಿನಲ್ಲಿ ಅಡ್ಡಕ್ಕೆ 4. ಅಂದರೆ ಮೊದಲು ಓರೆ ಸಪೋರ್ಟ್ ಅಲ್ಲವೇ? ಚಾಸಿಸ್ 3 ಎಂ.ಎಂ.ನ ಸಿ ಚಾನಲ್. ಪೈಪಿನ ತುದಿಯನ್ನು ಅದಕ್ಕೆ ವೆಲ್ಡ್ ಮಾಡಿಸಲೇ, ಬೋಲ್ಟ್ ಹಾಕಲೇ?

ಬೈಕಂಪಾಡಿ ಫ್ಯಾಬ್:

ಹೌದು, ಓರೆ ಸಪೋರ್ಟೇ ಮೊದಲು. ವೆಲ್ಡ್ ಬೇಡ. 3 ಎಂ.ಎಂ. ಚಾನಲ್ಲಿಗೆ ಅಡ್ಡಲಾಗಿ ವೆಲ್ಡ್ ಹಾಕಿದ್ರೆ ಅದರ ಪಕ್ಕದಲ್ಲೇ ಮುಂದೆ ಬಿರುಕು ಹುಟ್ತದೆ, ಗ್ಯಾಲ್ವನೈಸ್ ಇದ್ದರೆ ಅದೂ ಸುಟ್ಟುಹೋಗ್ತದೆ. ತೂತು ಮಾಡುವುದಾದ್ರೆ ಚಾನಲ್ಲಿನ ನಿಂತ ಮುಖದಲ್ಲಿ, ಎತ್ತರದ ಮಧ್ಯಕ್ಕೆ, 10.5 ಎಂ.ಎಂ. ಡ್ರಿಲ್. ಮೇಲಿನ-ಕೆಳಗಿನ ಮಲಗಿದ ಅಂಚಿನಲ್ಲಿ ಮಾತ್ರ ಬೇಡ, ಭಾರ ಪೂರಾ ಹೋಗುವುದು ಅಲ್ಲೇ. ತೂತಿನ ಅಂಚಿಗೆ ಝಿಂಕ್ ಪ್ರೈಮರ್ ಎರಡು ಕೋಟು, ಒಳಬದಿಗೆ 6 ಎಂ.ಎಂ. ಪಟ್ಟಿಯ ತುಂಡು ಕೊಟ್ಟು ಎಂ10 ಬೋಲ್ಟು, ನೈಲಾಕ್ ನಟ್ಟು. ಪಾದದ ಕಡೆ ಬೋಲ್ಟಿಗೆ ಬದಲು ಆರ್ ಕ್ಲಿಪ್ಪಿನ ಪಿನ್ನು ಹಾಕಿ. ಹೊರಡುವಾಗ ಪೈಪು ಬಿಚ್ಚಿ ಚಾಸಿಸಿಗೆ ಮಡಚಿ ಕಟ್ಟಬೇಕಲ್ಲ, ಅಲ್ಲಿ ಸ್ಪ್ಯಾನರ್ ಹಿಡಿದು ಮಲಗುವಂತಾಗಬಾರದು. ಆ 4 ಎಂ.ಎಂ.ಗೆ ತ್ರೆಡ್ ರಾಡಿನ ಚಾಕ್ ಹಾಕಿ ಇನ್ನೊಂದು ರಟ್ಟು ತೆಗೆದು ಹೇಳಿ.